ದೋಷ ಗೇರಿನದೋ, ಕೇಬಲ್ಲಿನದೋ

ಸೈಕಲ್ಲಿನ ಗೇರುಗಳಲ್ಲಿ ಎರಡು ಪದ್ಧತಿಗಳಿವೆ. ಹಿಂಗಾಲಿಯ ಪಕ್ಕದಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಹಲ್ಲುಚಕ್ರಗಳನ್ನು ಜೋಡಿಸಿ, ಡಿರೈಲರ್ ಎಂಬ ತೋಳಿನಿಂದ ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಮೊದಲ ಪದ್ಧತಿ. ಹಲ್ಲುಚಕ್ರಗಳನ್ನೆಲ್ಲ ಹಿಂಗಾಲಿಯ ಹಬ್‌ನ, ಅಂದರೆ ಕಡ್ಡಿಗಳೆಲ್ಲ ಬಂದು ಸೇರುವ ನಡುಭಾಗದ, ಒಳಗೇ ಮುಚ್ಚಿಟ್ಟು ಹೊರಗೆ ಒಂದೇ ಚೈನು, ಒಂದೇ ಹಲ್ಲುಚಕ್ರ ಕಾಣುವಂತೆ ಮಾಡುವುದು ಎರಡನೆಯದು. ಇದನ್ನೇ ಹಬ್ ಗೇರ್ ಎನ್ನುತ್ತಾರೆ. ಧೂಳು, ಕೆಸರು ಒಳಗೆ ಸುಲಭವಾಗಿ ಇಳಿಯದ ಕಾರಣ ಇಂಥ ಗೇರು ದಶಕಗಟ್ಟಲೆ ಬಾಳುತ್ತದೆ. ಆದರೆ ಒಳಗೇನು ನಡೆಯುತ್ತಿದೆ ಎಂಬುದು ಕಣ್ಣಿಗೆ ಬೀಳದಿರುವುದರಿಂದ, ಗೇರು ಜಾರತೊಡಗಿದ ಕೂಡಲೇ ಹಬ್ ಕೆಟ್ಟಿತೆಂದು ತೀರ್ಮಾನಿಸಿ ಅದನ್ನು ಬಿಚ್ಚಲು ಕೂರುವುದು, ಇಲ್ಲವೇ ಗಾಲಿಯನ್ನೇ ಬದಲಿಸುವುದು ರೂಢಿಯಾಗಿದೆ. ವಾಸ್ತವದಲ್ಲಿ ಹಬ್ ಗೇರಿನ ಬಹುಪಾಲು ತೊಂದರೆಗಳು ಹಬ್‌ನಲ್ಲಿ ಹುಟ್ಟಿದವಲ್ಲ. ಅವು ಹ್ಯಾಂಡಲಿನಿಂದ ಹಿಂಗಾಲಿಯವರೆಗೆ ಹರಿದುಬರುವ ತೆಳ್ಳನೆಯ ಕೇಬಲ್ಲಿನಲ್ಲಿ, ಅದರ ಬಿಗಿತದಲ್ಲಿ, ಅದನ್ನು ಹಿಡಿದ ಪಟ್ಟಿ ಮತ್ತು ಸ್ಕ್ರೂಗಳಲ್ಲಿ ಇರುತ್ತವೆ. ಆದ್ದರಿಂದ ದುರಸ್ತಿ ಹೊರಗಿನಿಂದ ಒಳಕ್ಕೆ ಸಾಗಬೇಕು, ಹಬ್ಬನ್ನು ಬಿಚ್ಚುವುದು ಎಲ್ಲಕ್ಕಿಂತ ಕೊನೆಯ ಕೆಲಸವಾಗಬೇಕು.

ಈ ಮಾತಿನ ಹುರುಳನ್ನು ತಿಳಿಯಲು ಹಬ್ ಗೇರುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದ ಒಂದನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ರ್‍ಯಾಲೆ ಸೈಕಲ್ ಕಂಪನಿಯ ಒಡೆಯ ಫ್ರಾಂಕ್ ಬೌಡನ್‌ನ ಆಶ್ರಯದಲ್ಲಿ, ಹೆನ್ರಿ ಸ್ಟರ್ಮಿ ಮತ್ತು ಜೇಮ್ಸ್ ಆರ್ಚರ್ ಎಂಬವರ ಹೆಸರಿನಲ್ಲಿ 20ನೇ ಶತಮಾನದ ಆರಂಭದಲ್ಲೇ ಮೂರು ಗೇರಿನ ಹಬ್‌ಗಳು ತಯಾರಾಗತೊಡಗಿದವು. ಅದೇ ಸ್ಟರ್ಮಿ-ಆರ್ಚರ್ ಕಂಪನಿ 1936ರಲ್ಲಿ ಹೊರತಂದ ಎಡಬ್ಲ್ಯೂ ಎಂಬ ಮಾದರಿ ಅನೇಕ ಸಣ್ಣಪುಟ್ಟ ಮಾರ್ಪಾಡುಗಳೊಂದಿಗೆ ಇಂದಿಗೂ ಬದುಕಿದೆ. 2000ದಲ್ಲಿ ನಾಟಿಂಗ್‌ಹ್ಯಾಮ್‌ನ ಕಾರ್ಖಾನೆ ಮುಚ್ಚಿ, ಹೆಸರೂ ಯಂತ್ರಗಳೂ ತೈವಾನಿನ ಸನ್‌ರೇಸ್ ಕಂಪನಿಯ ಪಾಲಾದವು. ಹಳೆಯ ಎಡಬ್ಲ್ಯೂ ಹಬ್‌ನ ಮೈಮೇಲೆ ತಯಾರಾದ ವರ್ಷ, ತಿಂಗಳು ಅಚ್ಚಾಗಿರುತ್ತವೆ. ಅರವತ್ತು ವರ್ಷ ಹಿಂದಿನ ಅಚ್ಚಿರುವ ಹಬ್ ಇಂದಿಗೂ ಬ್ರಿಟನ್ನಿನ ಬೀದಿಯಲ್ಲಿ ಓಡುತ್ತಿರುವುದು ಅಪರೂಪವೇನಲ್ಲ. ಬಿಚ್ಚಿ, ತೊಳೆದು, ಸವೆದ ಭಾಗವನ್ನಷ್ಟೇ ಬದಲಿಸಿ ಮತ್ತೆ ಜೋಡಿಸಲು ಬರುವಂತೆಯೇ ಅದನ್ನು ರೂಪಿಸಿದ್ದರು ಎಂಬುದಕ್ಕೆ ಈ ಆಯುಷ್ಯವೇ ಸಾಕ್ಷಿ.

ಎಡಬ್ಲ್ಯೂ ಹಬ್‌ನ ಒಳಗಿರುವುದು ಗ್ರಹಚಕ್ರ ವ್ಯವಸ್ಥೆ. ಅಲುಗಾಡದಂತೆ ಫ್ರೇಮಿಗೆ ಬಿಗಿದ ಅಚ್ಚಿನ, ಅಂದರೆ ಆಕ್ಸೆಲ್‌ನ, ನಡುವೆ 20 ಹಲ್ಲುಗಳ ಒಂದು ಚಕ್ರವನ್ನು ಕಡೆದಿರುತ್ತಾರೆ. ತಿರುಗದೆ ನಡುವೆ ನಿಂತಿರುವ ಇದು ಸೂರ್ಯಚಕ್ರ. ಅದರ ಸುತ್ತ ತಲಾ 20 ಹಲ್ಲುಗಳ ನಾಲ್ಕು ಪುಟ್ಟ ಚಕ್ರಗಳು ಸುತ್ತುತ್ತವೆ; ಇವು ಗ್ರಹಚಕ್ರಗಳು. ಈ ನಾಲ್ಕನ್ನೂ ಗೂಟಗಳ ಮೇಲೆ ಹಿಡಿದಿಟ್ಟಿರುವ ಲೋಹದ ಚೌಕಟ್ಟಿಗೆ ಪಂಜರವೆಂದು ಹೆಸರು. ಇವೆಲ್ಲವನ್ನೂ ಬಳಸಿ ಒಳಮೈಯಲ್ಲಿ 60 ಹಲ್ಲುಗಳಿರುವ ಉಂಗುರಚಕ್ರವಿರುತ್ತದೆ. ಸೂರ್ಯಚಕ್ರ ಸ್ಥಿರವಾಗಿರುವಾಗ ಪಂಜರ ಮೂರು ಸುತ್ತು ತಿರುಗಿದರೆ ಉಂಗುರಚಕ್ರ ನಾಲ್ಕು ಸುತ್ತು ತಿರುಗುತ್ತದೆ ಎಂಬುದು ಈ ಹಲ್ಲುಗಳ ಲೆಕ್ಕದಿಂದ ಬರುವ ಫಲ. ಚೈನಿನ ಬಲವನ್ನು ಪಂಜರಕ್ಕೆ ಕೊಟ್ಟು ಉಂಗುರಚಕ್ರದಿಂದ ಗಾಲಿಗೆ ಪಡೆದರೆ ವೇಗ ಮೂರನೇ ಒಂದರಷ್ಟು ಹೆಚ್ಚುತ್ತದೆ. ಉಂಗುರಚಕ್ರಕ್ಕೆ ಕೊಟ್ಟು ಪಂಜರದಿಂದ ಪಡೆದರೆ ಕಾಲು ಭಾಗ ಇಳಿಯುತ್ತದೆ. ಉಂಗುರಚಕ್ರಕ್ಕೆ ಕೊಟ್ಟು ಅದರಿಂದಲೇ ಪಡೆದರೆ ವೇಗ ಬದಲಾಗದೆ ಹಾಗೆಯೇ ಉಳಿಯುತ್ತದೆ. ಮೂರನೆಯ, ಒಂದನೆಯ ಮತ್ತು ಎರಡನೆಯ ಗೇರುಗಳೆಂದರೆ ಇಷ್ಟೇ.

ಬಲ ಯಾವುದಕ್ಕೆ ಹೋಗಬೇಕೆಂದು ನಿರ್ಧರಿಸುವುದು ಕ್ಲಚ್, ಅಂದರೆ ಅಚ್ಚಿನ ಉದ್ದಕ್ಕೆ ಎಡಬಲಕ್ಕೆ ಸರಿಯುವ ನಾಲ್ಕು ತೋಳಿನ ಉಕ್ಕಿನ ತುಂಡು. ಒಳಗಿನ ಸ್ಪ್ರಿಂಗು ಅದನ್ನು ಸದಾ ಎಡಕ್ಕೆ, ಮೂರನೆಯ ಗೇರಿನ ಕಡೆಗೆ ನೂಕುತ್ತಿರುತ್ತದೆ. ಕೇಬಲ್ಲು ಅದನ್ನು ಬಲಕ್ಕೆ ಎಳೆಯುತ್ತದೆ. ಕೇಬಲ್ಲು ಪೂರ್ತಿ ಸಡಿಲವಾಗಿದ್ದಾಗ ಕ್ಲಚ್ಚಿನ ತೋಳುಗಳು ಪಂಜರದ ಗೂಟಗಳಿಗೆ ಸಿಕ್ಕಿಕೊಂಡು ಮೂರನೆಯ ಗೇರು, ಅರ್ಧ ಎಳೆದಾಗ ಉಂಗುರಚಕ್ರಕ್ಕೆ ಸಿಕ್ಕಿಕೊಂಡು ಎರಡನೆಯ ಗೇರು, ಪೂರ್ತಿ ಎಳೆದಾಗ ಒಂದನೆಯ ಗೇರು ಬರುತ್ತದೆ. ಇನ್ನು ಗಾಲಿಗೆ ಬಲ ದಾಟಿಸುವ ಕೆಲಸ ಪಾಲ್‌ಗಳದು. ಒಂದು ದಿಕ್ಕಿನಲ್ಲಿ ಕಚ್ಚಿ ಹಿಡಿದು, ಇನ್ನೊಂದು ದಿಕ್ಕಿನಲ್ಲಿ ಟಕಟಕನೆ ಜಾರಿಕೊಳ್ಳುವ ಉಕ್ಕಿನ ಕೊಕ್ಕೆಗಳಿಗೆ ಪಾಲ್ ಎಂದು ಹೆಸರು, ಸಾಮಾನ್ಯ ಸೈಕಲ್ಲಿನ ಫ್ರೀವೀಲಿನಲ್ಲೂ ಇವು ಇರುತ್ತವೆ. ಎಡಬ್ಲ್ಯೂ ಹಬ್‌ನಲ್ಲಿ ಎರಡು ಪಾಲ್‌ಗಳು ಉಂಗುರಚಕ್ರದ ಮೇಲೆ, ಎರಡು ಪಂಜರದ ಮೇಲೆ ಕೂತಿರುತ್ತವೆ. ಒಂದನೆಯ ಗೇರಿಗೆ ಬಂದಾಗ ಕ್ಲಚ್ಚಿನ ಅಂಚು ಉಂಗುರಚಕ್ರದ ಪಾಲ್‌ಗಳನ್ನು ಒತ್ತಿ ಅಡಗಿಸುತ್ತದೆ, ಆಗ ಗಾಲಿಯನ್ನು ಎಳೆಯುವ ಹೊಣೆ ಪಂಜರದ ಪಾಲ್‌ಗಳಿಗೆ ಬೀಳುತ್ತದೆ.

ಈ ರಚನೆಯಲ್ಲಿ ಒಂದು ಅಪಾಯವಿದೆ. ಎರಡನೆಯ ಮತ್ತು ಮೂರನೆಯ ಗೇರಿನ ನಡುವೆ ಕ್ಲಚ್ಚು ಪಂಜರವನ್ನೂ ಹಿಡಿಯದ, ಉಂಗುರಚಕ್ರವನ್ನೂ ಹಿಡಿಯದ ಒಂದು ಖಾಲಿ ಜಾಗವುಂಟು. ಎರಡನೆಯ ಗೇರಿನಲ್ಲಿರುವಾಗ ಕೇಬಲ್ಲು ಇರಬೇಕಾದುದಕ್ಕಿಂತ ಕೊಂಚವೇ ಸಡಿಲವಾಗಿದ್ದರೂ ಕ್ಲಚ್ಚು ಆ ಖಾಲಿ ಜಾಗದ ಅಂಚಿನಲ್ಲಿ ನಿಂತಿರುತ್ತದೆ. ಸವಾರ ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದ ಗಳಿಗೆಯಲ್ಲೇ ಅದು ಜಾರಿದರೆ, ಪೆಡಲು ತಟ್ಟನೆ ಹಗುರಾಗಿ ಕೆಳಕ್ಕಿಳಿದು ಸವಾರ ಮುಂದಿನ ಕಂಬಿಯ ಮೇಲೆ ಬೀಳುತ್ತಾನೆ. ಹಳೆಯ ಮೂರು ಗೇರಿನ ಸೈಕಲ್ಲನ್ನು ಕೊಂಡವರು ಮೊದಲು ಕೇಬಲ್ಲನ್ನು ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಸನ್‌ರೇಸ್ ತಯಾರಿಸುವ ಹೊಸ ಮೂರು ಗೇರಿನ ಹಬ್‌ಗಳಲ್ಲಿ ಈ ಖಾಲಿ ಜಾಗವನ್ನು ತೆಗೆದುಹಾಕಿದ್ದಾರೆ.

ಕೇಬಲ್ಲಿನ ವಿಚಾರಕ್ಕೆ ಬರುವುದಾದರೆ, ಸೈಕಲ್ಲಿನಲ್ಲಿ ಬಳಸುವುದು 1896ರಲ್ಲಿ ಅರ್ನೆಸ್ಟ್ ಬೌಡನ್ ಎಂಬಾತ ಪೇಟೆಂಟ್ ಪಡೆದ ಮಾದರಿ. ರ್‍ಯಾಲೆಯ ಒಡೆಯನಾದ ಬೌಡನ್ ಬೇರೆ, ಈತ ಬೇರೆ. ಹೆಣೆದ ಉಕ್ಕಿನ ತಂತಿಯೊಂದು ಬಾಗುವ ಕೊಳವೆಯೊಳಗೆ ಜಾರುತ್ತದೆ. ತಂತಿ ಎಳೆತವನ್ನು ಹೊತ್ತರೆ, ಕೊಳವೆ ಅಷ್ಟೇ ಪ್ರಮಾಣದ ಒತ್ತಡವನ್ನು ಹೊರುತ್ತದೆ. ಆದ್ದರಿಂದ ಕೊಳವೆಯ ಎರಡು ತುದಿಗಳೂ ಅಲುಗಾಡದ ಆಸರೆಗೆ ಒತ್ತಿ ನಿಂತಿದ್ದರೆ ಮಾತ್ರ ಹ್ಯಾಂಡಲಿನಲ್ಲಿ ಎಳೆದಷ್ಟು ದೂರ ಹಬ್‌ನಲ್ಲೂ ಎಳೆತ ಸಿಗುತ್ತದೆ. ದುರಸ್ತಿ ಮಾಡುವವರು ತಂತಿಯನ್ನು ನೋಡಿದಷ್ಟು ಗಮನವಿಟ್ಟು ಈ ಆಸರೆಗಳನ್ನು ನೋಡುವುದಿಲ್ಲ ಎಂಬುದು ವಿಷಾದದ ಸಂಗತಿ. ಹಳೆಯ ಇಂಗ್ಲಿಷ್ ಸೈಕಲ್ಲುಗಳಲ್ಲಿ ಕೊಳವೆ ಫ್ರೇಮಿನ ಕಂಬಿಗೆ ಬಿಗಿದ ಒಂದು ಪಟ್ಟಿಯ ಬಳಿ ಮುಗಿದು, ಅಲ್ಲಿಂದಾಚೆಗೆ ತಂತಿ ಬರಿದಾಗಿ ಒಂದು ಪುಟ್ಟ ರಾಟೆಯ ಮೇಲೆ ಹಾದು ಹಬ್ ಸೇರುತ್ತದೆ. ಆ ಪಟ್ಟಿಯ ಸ್ಕ್ರೂ ಸಡಿಲಾಗಿ ಪಟ್ಟಿ ಕೂದಲೆಳೆಯಷ್ಟು ಸರಿದರೂ ಗೇರು ತಪ್ಪುತ್ತದೆ, ಆಗ ತಂತಿಯನ್ನು ಎಷ್ಟು ಬಿಗಿದರೂ ದೋಷ ಮರಳಿ ಬರುತ್ತಲೇ ಇರುತ್ತದೆ. ಹಾಗೆಯೇ ಚೈನು ಸಡಿಲವಾಯಿತೆಂದು ಹಿಂಗಾಲಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಬಿಗಿದಾಗ ಪಟ್ಟಿಗೂ ಹಬ್‌ಗೂ ನಡುವಿನ ಅಂತರ ಬದಲಾಗುವುದರಿಂದ ಕೇಬಲ್ಲಿನ ಹೊಂದಾಣಿಕೆಯೂ ಕೆಡುತ್ತದೆ. ಪಂಕ್ಚರ್ ಹಾಕಿಸಿಕೊಂಡು ಬಂದ ಮೇಲೆ ಗೇರು ಕೆಟ್ಟಿತು ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ದೋಷ ಕೇಬಲ್ಲಿನದೋ ಹಬ್‌ನದೋ ಎಂದು ಬೇರ್ಪಡಿಸಲು ಸರಳ ಪರೀಕ್ಷೆಯೊಂದಿದೆ. ಎಡಬ್ಲ್ಯೂ ಹಬ್‌ನ ಬಲಗಡೆ ನಟ್ಟಿನ ತೂತಿನಿಂದ ಕೆಲವೇ ಕೊಂಡಿಗಳ ಚಿಕ್ಕ ಸರಪಳಿಯೊಂದು ಹೊರಬರುತ್ತದೆ. ಅದರ ಇನ್ನೊಂದು ತುದಿ ಹಬ್‌ನೊಳಗೆ ಹೋಗುವ ತೆಳು ಸರಳಿಗೆ ಸೇರಿರುತ್ತದೆ. ಸರಪಳಿಯಿಂದ ಕೇಬಲ್ಲನ್ನು ಬಿಡಿಸಿ, ಹ್ಯಾಂಡಲಿನ ಗೇರು ಕಡ್ಡಿಯನ್ನು ಮೂರನೆಯ ಗೇರಿಗೆ ಹಾಕಿ, ತಂತಿಯ ತುದಿಯನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆಯಬೇಕು. ತೊಡಕಿಲ್ಲದೆ ಜಾರಿದರೆ ಸರಿ, ಕೆರೆದಂತಾದರೆ ಅಥವಾ ಬಿಟ್ಟಾಗ ಸರಾಗವಾಗಿ ಮರಳದಿದ್ದರೆ ಕೇಬಲ್ಲು ಬದಲಾಗಬೇಕು. ಬಳಿಕ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಪೆಡಲನ್ನು ನಿಧಾನವಾಗಿ ಆಡಿಸುತ್ತ, ಸರಪಳಿಯನ್ನು ಕೈಯಿಂದಲೇ ಎಳೆದು ನೋಡಬೇಕು. ಸ್ಪ್ರಿಂಗಿನ ಬಿಗಿ ಕೈಗೆ ಸಿಗುತ್ತ, ಪೂರ್ತಿ ಬಿಟ್ಟಾಗ, ಅರ್ಧ ಎಳೆದಾಗ ಮತ್ತು ಕೊನೆಯವರೆಗೆ ಎಳೆದಾಗ ಗಾಲಿಯ ವೇಗ ಮೂರು ಬಗೆಯಾಗಿ ಬದಲಾದರೆ ಹಬ್ ಆರೋಗ್ಯವಾಗಿದೆ ಎಂದೇ ಅರ್ಥ, ಅದನ್ನು ಮುಟ್ಟುವ ಅಗತ್ಯವಿಲ್ಲ. ಸರಪಳಿ ಕೈಗೂ ಬಿಗಿಯಾಗಿ ಹಿಡಿದರೆ ಮೊದಲು ಆ ತೆಳು ಸರಳನ್ನು ಬಿಚ್ಚಿ ನೋಡಬೇಕು, ಏಕೆಂದರೆ ಸೈಕಲ್ಲು ಬಲಮಗ್ಗುಲಿಗೆ ಬಿದ್ದಾಗ ಮೊದಲು ಪೆಟ್ಟು ತಿನ್ನುವುದು ಅದೇ. ಮರಳಿ ಹಾಕುವಾಗ ಸರಳನ್ನು ತಿರುಪಿ ಕೊನೆಯವರೆಗೆ ಕೂರಿಸಿ, ಸರಪಳಿ ಕೇಬಲ್ಲಿನ ದಿಕ್ಕಿಗೆ ನೇರವಾಗುವಷ್ಟು ಮಾತ್ರ, ಅರ್ಧ ಸುತ್ತಿಗೆ ಮೀರದಂತೆ ಹಿಂದಕ್ಕೆ ತಿರುಗಿಸಬೇಕು. ಇದನ್ನು ಅರೆಬರೆ ತಿರುಪಿ ಬಿಟ್ಟರೆ ಆಮೇಲಿನ ಹೊಂದಾಣಿಕೆಯೆಲ್ಲ ಸುಳ್ಳಾಗುತ್ತದೆ.

ಹೊಂದಾಣಿಕೆಯನ್ನು ಎರಡನೆಯ ಗೇರಿನಲ್ಲಿ ಮಾಡಬೇಕು. ಬಲಗಡೆಯ ಉದ್ದನೆಯ ನಟ್ಟಿನಲ್ಲಿ ಒಂದು ಕಿಂಡಿಯಿರುತ್ತದೆ. ಗೇರು ಕಡ್ಡಿಯನ್ನು ಎರಡಕ್ಕೆ ಹಾಕಿ, ಪೆಡಲನ್ನು ಒಂದೆರಡು ಸುತ್ತು ಆಡಿಸಿ, ಆ ಕಿಂಡಿಯಲ್ಲಿ ಇಣುಕಿದರೆ ಟೊಳ್ಳು ಅಚ್ಚಿನ ತುದಿಯೂ ಅದರೊಳಗಿಂದ ಬರುವ ಸರಳಿನ ಭುಜವೂ, ಅಂದರೆ ಸರಳು ಮುಗಿದು ಸರಪಳಿ ಶುರುವಾಗುವ ಜಾಗವೂ, ಕಾಣುತ್ತವೆ; ಇವೆರಡೂ ಒಂದೇ ಮಟ್ಟಕ್ಕಿರಬೇಕು. ಭುಜ ಒಳಗುಳಿದಿದ್ದರೆ ಕೇಬಲ್ಲು ಸಡಿಲವೆಂದೂ, ಹೊರಗೆ ಚಾಚಿದ್ದರೆ ಅತಿ ಬಿಗಿಯೆಂದೂ ತಿಳಿದು, ಸರಪಳಿ ಮತ್ತು ಕೇಬಲ್ಲು ಸೇರುವಲ್ಲಿರುವ ತಿರುಪನ್ನು ತಿರುಗಿಸಿ ಸರಿಪಡಿಸಿ, ಅದರ ಪಕ್ಕದ ಪುಟ್ಟ ನಟ್ಟನ್ನು ಬಿಗಿಯಬೇಕು. ಅನಂತರ ಒಂದಕ್ಕೆ ಹಾಕಿ ಬಿಗಿತವನ್ನೂ, ಮೂರಕ್ಕೆ ಹಾಕಿ ತಂತಿಯಲ್ಲಿ ಕೊಂಚ ಸಡಿಲು ಉಳಿದಿರುವುದನ್ನೂ ನೋಡಿಕೊಂಡರೆ ಮುಗಿಯಿತು. ಒಂದನೆಯ ಗೇರಿಗೆ ಹಾಕಿದರೂ ಎರಡನೆಯದೇ ಸಿಗುತ್ತಿದ್ದರೆ ಕೇಬಲ್ಲು ಸಡಿಲ; ಮೂರನೆಯದು ಬಾರದಿದ್ದರೆ ಅತಿ ಬಿಗಿ, ಇಲ್ಲವೇ ತಂತಿ ಕೊಳವೆಯೊಳಗೆ ಎಲ್ಲೋ ಸಿಕ್ಕಿಕೊಂಡಿದೆ. ಎಲ್ಲ ಕಂಪನಿಯ ಹಬ್‌ಗಳಿಗೂ ಈ ಕ್ರಮ ಒಗ್ಗುವುದಿಲ್ಲ ಎಂಬುದನ್ನು ಮರೆಯಬಾರದು. ಜರ್ಮನಿಯ ಷ್ವೈನ್‌ಫುರ್ಟ್‌ನ ಸಾಕ್ಸ್ ಕಂಪನಿಯ ಟಾರ್ಪಿಡೊ ಮೂರು ಗೇರಿನ ಹಬ್ಬನ್ನು ಮೂರನೆಯ ಗೇರಿನಲ್ಲಿ, ತಂತಿಯಲ್ಲಿ ಸಡಿಲು ಉಳಿಯದಷ್ಟೇ ಬಿಗಿದು ಹೊಂದಿಸಬೇಕು.

ಕೇಬಲ್ಲು ಹಳೆಯದಾದಾಗ ಮೊದಲು ಸೋಲುವುದು ಅದರ ತುದಿಗಳು. ಗೇರು ಕಡ್ಡಿಯೊಳಗೆ ತಂತಿ ಬಾಗುವ ಜಾಗದಲ್ಲಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ತುಂಡಾದ ಎಳೆ ಮುಳ್ಳಿನಂತೆ ಎದ್ದು ಕೊಳವೆಯ ಒಳಮೈಗೆ ಕೆರೆಯುತ್ತದೆ. ದಿನಕ್ಕೊಮ್ಮೆ ಬಿಗಿದರೂ ಸಡಿಲವಾಗುವ ಕೇಬಲ್ಲು ಸಾಮಾನ್ಯವಾಗಿ ಇಂಥ ಸ್ಥಿತಿಯದು, ಅದನ್ನು ತಿರುಪಿನಿಂದ ಸರಿಪಡಿಸುತ್ತ ಹೋಗುವುದು ವ್ಯರ್ಥ. ಹೊಸದನ್ನು ಹಾಕುವಾಗ ಬ್ರೇಕಿನ ಕೇಬಲ್ಲಿಗೂ ಗೇರಿನ ಕೇಬಲ್ಲಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಬ್ರೇಕಿನ ತಂತಿ ಸುಮಾರು 1.5 ಮಿ.ಮೀ. ದಪ್ಪವಿದ್ದು, ಅದರ ಕೊಳವೆ ಸುರುಳಿ ಸುತ್ತಿದ ಪಟ್ಟಿಯಿಂದ ಆಗಿರುತ್ತದೆ. ಗೇರಿನ ತಂತಿ ಸುಮಾರು 1.2 ಮಿ.ಮೀ., ಮತ್ತು ಇಂದಿನ ಗೇರಿನ ಕೊಳವೆಯಲ್ಲಿ ಉಕ್ಕಿನ ಎಳೆಗಳು ಉದ್ದಕ್ಕೆ ಸಾಗಿರುವುದರಿಂದ ಅದು ಒತ್ತಡಕ್ಕೆ ಕುಗ್ಗುವುದಿಲ್ಲ. ಹೆಚ್ಚು ಗೇರುಗಳ ಹಬ್‌ಗೆ ಬ್ರೇಕಿನ ಕೊಳವೆಯನ್ನು ಹಾಕಿದರೆ ಅದು ಪ್ರತಿ ಎಳೆತಕ್ಕೂ ಅಷ್ಟಿಷ್ಟು ಕುಗ್ಗಿ ಗೇರು ತಪ್ಪಿಸುತ್ತದೆ. ಗೇರಿನ ಕೊಳವೆಯನ್ನು ಬ್ರೇಕಿಗೆ ಹಾಕುವುದಂತೂ ಜೀವಕ್ಕೇ ಅಪಾಯ, ಏಕೆಂದರೆ ಬ್ರೇಕಿನ ಬಿಗಿ ಹಿಡಿತಕ್ಕೆ ಅದು ಸೀಳಿಹೋಗಬಹುದು. ಕೊಳವೆಯನ್ನು ಕತ್ತರಿಸಿದ ಮೇಲೆ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡಿ, ಒಳಗಿನ ತೂತು ಚಪ್ಪಟೆಯಾಗಿದ್ದರೆ ದಬ್ಬಳದಿಂದ ಬಿಡಿಸಿ, ಲೋಹದ ಟೋಪಿ ತೊಡಿಸಬೇಕು. ನೀರು ಇಳಿದರೆ ಒಳಗೆ ತುಕ್ಕು ಹಿಡಿಯುತ್ತದೆ, ಉತ್ತರ ಯುರೋಪಿನ ಚಳಿಗಾಲದಲ್ಲಿ ಅದೇ ನೀರು ಕೊಳವೆಯೊಳಗೇ ಹೆಪ್ಪುಗಟ್ಟಿ ಗೇರು ಕದಲದಂತಾಗುತ್ತದೆ. ಓದಿಗೋ ಕೆಲಸಕ್ಕೋ ನೆದರ್‌ಲ್ಯಾಂಡ್ಸ್ ಸೇರಿ ಹಳೆಯ ಸೈಕಲ್ಲು ಕೊಂಡ ಕನ್ನಡಿಗರು ಹಬ್ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಸೈಕಲ್ಲನ್ನು ಒಂದು ರಾತ್ರಿ ಬೆಚ್ಚಗಿನ ಜಾಗದಲ್ಲಿ ನಿಲ್ಲಿಸಿ ನೋಡುವುದು ಒಳಿತು.

ಕೇಬಲ್ಲು ನಿರ್ದೋಷಿಯೆಂದು ಖಚಿತವಾದ ಮೇಲೂ ಹಬ್ಬನ್ನು ಬಿಚ್ಚುವ ಮುನ್ನ ಎಣ್ಣೆಯ ಸರದಿಯಿದೆ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಸೈಕಲ್ಲಿನ ಹಬ್‌ನಲ್ಲಿ ಹಳೆಯ ಎಣ್ಣೆ ಅಂಟಾಗಿ ಪಾಲ್‌ಗಳನ್ನು ಅವುಗಳ ಗೂಡಿನಲ್ಲೇ ಹಿಡಿದಿಡುತ್ತದೆ. ಪಾಲ್‌ಗಳನ್ನು ಮೇಲೆತ್ತುವ ಸ್ಪ್ರಿಂಗುಗಳು ಕೂದಲಿನಷ್ಟು ತೆಳ್ಳಗಿದ್ದು, ಅಂಟನ್ನು ಗೆಲ್ಲುವ ಬಲ ಅವುಗಳಿಗಿಲ್ಲ. ಪರಿಣಾಮವಾಗಿ ಪೆಡಲು ತುಳಿದರೂ ಗಾಲಿ ತಿರುಗುವುದಿಲ್ಲ. ನಮ್ಮ ಕಡೆಯ ಸೈಕಲ್ ಶಾಪುಗಳಲ್ಲಿ ಬೇರಿಂಗು ಕಂಡಲ್ಲೆಲ್ಲ ದಪ್ಪ ಗ್ರೀಸು ತುಂಬುವ ಅಭ್ಯಾಸವಿದೆ. ಬೇರಿಂಗಿನ ಗುಂಡುಗಳಿಗೂ, ಅವನ್ನು ಒತ್ತಿ ಹಿಡಿಯುವ ಕೋನು ಎಂಬ ಮೊನಚು ನಟ್ಟಿಗೂ ಅದು ಸರಿಯೇ, ಆದರೆ ಪಾಲ್‌ಗಳಿಗೆ ಆ ಗ್ರೀಸು ಹಳೆಯ ಅಂಟಿನಷ್ಟೇ ಕೇಡು. ಹಳೆಯ ಎಡಬ್ಲ್ಯೂ ಹಬ್‌ನ ಮೈಮೇಲೆ ಎಣ್ಣೆ ಹಾಕಲೆಂದೇ ಮುಚ್ಚಳವಿರುವ ತೂತಿದೆ. ಅದರಲ್ಲಿ ಮೊದಲು ತೆಳು ಎಣ್ಣೆ ಬಿಟ್ಟು, ಗಾಲಿಯನ್ನು ಚೆನ್ನಾಗಿ ತಿರುಗಿಸಿ, ಕರಗಿದ ಕೊಳೆಯನ್ನು ಹರಿಯಬಿಟ್ಟು, ಬಳಿಕ 20 ಅಥವಾ 30 ದರ್ಜೆಯ ಮೋಟಾರ್ ಎಣ್ಣೆಯನ್ನು ಒಂದು ಚಮಚದಷ್ಟು ಹಾಕಬೇಕು. ಸತ್ತಿತೆಂದು ಬಿಸಾಡಲು ಇಟ್ಟ ಎಷ್ಟೋ ಹಬ್‌ಗಳು ಇಷ್ಟರಿಂದಲೇ ಮತ್ತೆ ಓಡಿವೆ. ಹಬ್‌ನೊಳಗೇ ಬ್ರೇಕು ಕೂಡಿಸಿರುವ ಮಾದರಿಗಳಲ್ಲಿ ಮಾತ್ರ ಕೈ ಹಿಡಿತವಿರಬೇಕು, ಹೆಚ್ಚಾದ ಎಣ್ಣೆ ಬ್ರೇಕಿನ ಶೂಗಳಿಗೆ ತಲುಪಿದರೆ ಸೈಕಲ್ಲು ನಿಲ್ಲುವುದಿಲ್ಲ.

ಇಷ್ಟಾದರೂ ದೋಷ ಹೋಗದಿದ್ದರೆ ಅದು ಒಳಗಿದೆ. ಎಲ್ಲಿದೆ ಎಂಬುದನ್ನು ಬಿಚ್ಚದೆಯೇ ಬಹುಮಟ್ಟಿಗೆ ಊಹಿಸಬಹುದು, ಅದಕ್ಕೆ ಕಿವಿ ಬೇಕು. ಎರಡನೆಯ ಮತ್ತು ಮೂರನೆಯ ಗೇರಿನಲ್ಲಿ ಗಾಲಿ ಪಂಜರಕ್ಕಿಂತ ಬೇಗ ತಿರುಗುವುದರಿಂದ ಪಂಜರದ ಪಾಲ್‌ಗಳು ಜಾರುತ್ತ ಟಕಟಕ ಸದ್ದು ಮಾಡುತ್ತವೆ. ಒಂದನೆಯ ಗೇರಿನಲ್ಲಿ ಅವೇ ಗಾಲಿಯನ್ನು ಎಳೆಯುವುದರಿಂದ ತುಳಿಯುವಾಗ ಹಬ್ ಮೌನವಾಗಿರುತ್ತದೆ. ಆದ್ದರಿಂದ ಒಂದಕ್ಕೆ ಹಾಕಿದರೂ ಟಕಟಕ ನಿಲ್ಲದಿದ್ದರೆ ಹಬ್ ಇನ್ನೂ ಎರಡರಲ್ಲೇ ಇದೆ. ಎರಡರಲ್ಲಿ, ಮೂರರಲ್ಲಿ ಸದ್ದೇ ಬಾರದೆ ಒಂದರಲ್ಲಿ ಪೆಡಲು ಬರಿದೇ ತಿರುಗಿದರೆ ಪಂಜರದ ಪಾಲ್‌ಗಳು ಅಂಟಿಕೊಂಡಿವೆ. ಒಂದನೆಯದು ಗಟ್ಟಿಯಾಗಿದ್ದು ಉಳಿದೆರಡೂ ಜಾರಿದರೆ ಉಂಗುರಚಕ್ರದ ಪಾಲ್‌ಗಳ ಕಡೆ ನೋಡಬೇಕು. ಕೇಬಲ್ಲು ಸರಿಯಿದ್ದೂ ಮೂರನೆಯದು ಮಾತ್ರ ಭಾರ ಬಿದ್ದಾಗ ಜಾರಿದರೆ ಕ್ಲಚ್ಚಿನ ತೋಳುಗಳ ಮೂಲೆ ಸವೆದು ದುಂಡಗಾಗಿದೆ, ಅಥವಾ ಅವು ಸಿಕ್ಕಿಕೊಳ್ಳುವ ಗೂಟಗಳ ತುದಿ ಸವೆದಿದೆ, ಅಥವಾ ಸ್ಪ್ರಿಂಗು ಸೋತಿದೆ. ಮೂಲ ರಚನೆಯೇ ದುರ್ಬಲವಾದ ಹಬ್‌ಗಳೂ ಇಲ್ಲದಿಲ್ಲ. ಸ್ಟರ್ಮಿ-ಆರ್ಚರ್ ಕಂಪನಿಯೇ 1950ರ ದಶಕದಲ್ಲಿ ತಂದ ಎಸ್‌ಡಬ್ಲ್ಯೂ ಎಂಬ ಮಾದರಿ ಜಾರುವಿಕೆಗೆ ಹೆಸರಾಗಿ, ಎಡಬ್ಲ್ಯೂ ಅದಕ್ಕಿಂತ ಬಹುಕಾಲ ಬಾಳಿತು.

ಬಿಚ್ಚುವ ಕೆಲಸದಲ್ಲಿ ಎರಡು ಎಚ್ಚರಿಕೆಗಳು ಸಾಕು. ಹಬ್‌ನ ಬಲಗಡೆಯ ದೊಡ್ಡ ಉಂಗುರವನ್ನು ಅದರ ಕಚ್ಚಿಗೆ ಉಳಿಯಂಥ ಮೊಂಡು ಸರಳನ್ನಿಟ್ಟು ಸುತ್ತಿಗೆಯಿಂದ ಅಪ್ರದಕ್ಷಿಣವಾಗಿ ತಟ್ಟಿ ತಿರುಗಿಸಿದರೆ, ಎಡಗಡೆಯ ಕೋನನ್ನು ತೆಗೆದ ಮೇಲೆ ಒಳಗಿನದೆಲ್ಲ ಒಂದೇ ಗಂಟಾಗಿ ಹೊರಬರುತ್ತದೆ. ಆ ಉಂಗುರದ ಮರೆಗೆ, ಅಂದರೆ ತಿರುಪಿನ ಸುರುಳಿಗೆರೆಗೆ, ಎರಡು ಆರಂಭಗಳಿರುವುದರಿಂದ ಬಿಚ್ಚುವ ಮೊದಲೇ ಉಂಗುರದ ಕಚ್ಚಿಗೆ ಎದುರಾಗಿರುವ ಕಡ್ಡಿಯ ತೂತಿಗೆ ಗುರುತು ಹಾಕಿಕೊಳ್ಳಬೇಕು. ಬೇರೆ ಆರಂಭದಲ್ಲಿ ಕೂರಿಸಿದರೆ ರಿಮ್ಮು ನಡುವಿನಿಂದ ಪಕ್ಕಕ್ಕೆ ಸರಿದು ನಿಲ್ಲುವ ಸಂಭವವಿದೆ. ಸೀಮೆಎಣ್ಣೆಯಲ್ಲಿ ತೊಳೆದು ಮರಳಿ ಜೋಡಿಸುವಾಗ ಬಲಗಡೆಯ ಕೋನನ್ನು ಬೆರಳ ಬಿಗಿಗೆ ತಿರುಪಿ, ಅರ್ಧ ಸುತ್ತು ಹಿಂದಕ್ಕೆ ಬಿಟ್ಟು, ಅಲ್ಲೇ ಕದಲದಂತೆ ಕಟ್ಟಬೇಕು, ಏಕೆಂದರೆ ಒಳಗಿನ ಚಕ್ರಗಳೆಲ್ಲ ಎಲ್ಲಿ ನಿಲ್ಲಬೇಕೆಂದು ಅದೇ ನಿರ್ಧರಿಸುತ್ತದೆ. ಗಾಲಿಯ ಆಟವನ್ನು ಎಡಗಡೆಯ ಕೋನಿನಿಂದ ಮಾತ್ರ ತೆಗೆಯಬೇಕು.

ಜಪಾನಿನ ಶಿಮಾನೊ ಕಂಪನಿಯ ನೆಕ್ಸಸ್ ಹಬ್‌ಗಳಲ್ಲಿ ಸರಪಳಿಯ ಬದಲು ಹಬ್‌ನ ಪಕ್ಕದಲ್ಲಿ ತಿರುಗುವ ರಾಟೆಯಿದ್ದು, ಕೇಬಲ್ಲು ಅದನ್ನು ಗೇರಿಗೊಂದರಂತೆ ನಿರ್ದಿಷ್ಟ ಕೋನಗಳಿಗೆ ಎಳೆದು ನಿಲ್ಲಿಸುತ್ತದೆ. 7 ಮತ್ತು 8 ಗೇರಿನ ಮಾದರಿಗಳಲ್ಲಿ ಗೇರನ್ನು 4ರಿಂದ 1ಕ್ಕೆ ಇಳಿಸಿ ಮತ್ತೆ 4ಕ್ಕೆ ತಂದು, ರಾಟೆಯ ಬಳಿ ಕಾಣುವ ಎರಡು ಬಣ್ಣದ ಗೆರೆಗಳು ಎದುರುಬದುರಾಗಿ ಕೂಡುವಂತೆ ತಿರುಪನ್ನು ಹೊಂದಿಸಬೇಕು. 11 ಗೇರಿನ ಆಲ್ಫೈನ್ ಮಾದರಿಯಲ್ಲಿ ಇದೇ ಕೆಲಸವನ್ನು 6ನೆಯ ಗೇರಿನಲ್ಲಿ ಮಾಡಬೇಕು. ಗೆರೆ ಕೂಡಿದರೂ ಗೇರು ತಪ್ಪುತ್ತಿದ್ದರೆ ಅಚ್ಚಿನ ಎರಡು ಬದಿಯ ಬಣ್ಣದ ವಾಷರುಗಳನ್ನು ನೋಡಬೇಕು. ಅಚ್ಚು ಫ್ರೇಮಿನಲ್ಲಿ ತಿರುಗದಂತೆ ತಡೆಯುವುದು ಅವುಗಳ ಕೆಲಸ, ಒಂದೊಂದು ಬಗೆಯ ಫ್ರೇಮಿಗೆ ಒಂದೊಂದು ಬಣ್ಣ. ಅದಲುಬದಲಾಗಿ ಹಾಕಿದರೆ ಅಥವಾ ಕೈಬಿಟ್ಟರೆ ಅಚ್ಚೇ ತಿರುಗಿ ಸಡಿಲವಾಗುತ್ತದೆ. ಈ ಹಬ್‌ಗಳ ಒಳಭಾಗವನ್ನು ಬಿಡಿಬಿಡಿಯಾಗಿ ಬಿಚ್ಚಲು ಕಂಪನಿ ಉತ್ತೇಜಿಸುವುದಿಲ್ಲ. ಇಡೀ ಗಂಟನ್ನು ಹೊರತೆಗೆದು ಎಣ್ಣೆಯಲ್ಲಿ ಅದ್ದಿ, ಬಸಿದು, ಮರಳಿ ಇಡಬೇಕು, ಸವೆದಿದ್ದರೆ ಗಂಟನ್ನೇ ಬದಲಿಸಬೇಕೆಂಬುದು ಅದರ ಕ್ರಮ. ಒಂದು ಚಿಕ್ಕ ಸ್ಪ್ರಿಂಗಿಗಾಗಿ ಒಳಗಿನ ಇಡೀ ಯಂತ್ರವನ್ನು ಎಸೆಯುವ ಈ ಕ್ರಮ ಎಡಬ್ಲ್ಯೂ ಕಾಲದ ವಿವೇಕಕ್ಕೆ ಸಮನಾದುದಲ್ಲ.

ಕೇಬಲ್ಲೇ ದುರ್ಬಲ ಕೊಂಡಿಯೆಂಬುದನ್ನು ಯಂತ್ರದ ರಚನೆಯಲ್ಲೇ ಒಪ್ಪಿಕೊಂಡು ಪರಿಹಾರ ಕಂಡುಕೊಂಡದ್ದು ಜರ್ಮನಿಯ ರೋಲಾಫ್ ಕಂಪನಿ. 1996ರಲ್ಲಿ ಅದು ಪ್ರದರ್ಶಿಸಿದ ಸ್ಪೀಡ್‌ಹಬ್‌ನಲ್ಲಿ 14 ಗೇರುಗಳಿದ್ದು, ಒಂದರಿಂದ ಇನ್ನೊಂದಕ್ಕೆ ಸರಿಸುಮಾರು ಶೇ. 13.6ರ ಸಮಾನ ಅಂತರವಿದೆ. ಪ್ರತಿ ಗೇರಿನ ನಿಲುಗಡೆಯನ್ನು ಹ್ಯಾಂಡಲಿನ ಹಿಡಿಯಲ್ಲಿಡದೆ ಹಬ್‌ನೊಳಗೇ ಇಟ್ಟಿರುವುದರಿಂದ, ಎಳೆಯಲು ಒಂದು, ಮರಳಿಸಲು ಒಂದು ಎಂಬಂತೆ ಇರುವ ಎರಡು ಕೇಬಲ್ಲುಗಳು ಕೊಂಚ ಸಡಿಲವಾದರೂ ಹಿಡಿಯಲ್ಲಿ ಆಟ ಹೆಚ್ಚುತ್ತದೆಯೇ ಹೊರತು ಗೇರು ತಪ್ಪುವುದಿಲ್ಲ. 5,000 ಕಿ.ಮೀ.ಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿದರೆ ಅದರ ನಿತ್ಯದ ಆರೈಕೆ ಮುಗಿಯಿತು. ಕೇಬಲ್ಲು ದೂರದ ದಾರಿಯಲ್ಲಿ ತುಂಡಾದರೆ, ಹೊರಗಿನ ಪೆಟ್ಟಿಗೆಯಿಂದ ಗೇರು ಬದಲಿಸುವ ಮಾದರಿಯಲ್ಲಿ ಆ ಪೆಟ್ಟಿಗೆಯನ್ನು ತೆಗೆದು, ಹಬ್‌ನ ಪಕ್ಕದ ಆರು ಮೂಲೆಯ ತುದಿಗೆ 8 ಮಿ.ಮೀ. ಸ್ಪ್ಯಾನರ್ ಹಾಕಿ ಕೈಯಿಂದಲೇ ಬೇಕಾದ ಗೇರಿಗೆ ತಿರುಗಿಸಿಕೊಂಡು ಊರು ಸೇರಬಹುದು.